ಕೊಳವೆ ಬಾವಿಗೆ ಜಾಗ ಗುರುತಿಸಲು ಕಂಪನದ ಅಲೆಗಳು

ಅರಳಸುರಳಿ ಹಾಗೂ ಸುತ್ತಲಿನ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳು ಧಾರಾಳ ಮಳೆ ಬೀಳುವ ಪ್ರದೇಶ. ಆದರೂ ಮಾರ್ಚ್‌ನಿಂದ ಮೇ ವರೆಗೆ ಅಡಿಕೆ ತೋಟಗಳಿಗೆ ನೀರು ಸಾಲದೆ ರೈತರು ಕೊಳವೆ ಬಾವಿ ಕೊರೆಸುತ್ತಾರೆ. ಒಂದು ಬಾವಿಯಲ್ಲಿ ಸಾಕಷ್ಟು ನೀರು ಸಿಕ್ಕರೆ, ನೂರು ಅಡಿ ಆಚೆಯ ಇನ್ನೊಂದರಲ್ಲಿ ಬರೀ ಕಲ್ಲಿನ ಪುಡಿ ಬರುವುದುಂಟು. ಸಾಲ ಮಾಡಿ ಕೊರೆಸಿದ ಬಾವಿ ಬರಿದಾದರೆ ತೋಟವೂ ಒಣಗುತ್ತದೆ, ಸಾಲವೂ ಉಳಿಯುತ್ತದೆ. ಆದ್ದರಿಂದ ಕೊರೆಯುವ ಮೊದಲೇ ನೆಲದೊಳಗಿನ ಸ್ಥಿತಿಯನ್ನು ತಿಳಿಯುವುದು ಅವಶ್ಯ.

ನೀರು ಇರುವುದೆಲ್ಲಿ?

ಮಲೆನಾಡಿನ ಅನೇಕ ಕಡೆ ಮೇಲೆ ಜಂಬಿಟ್ಟಿಗೆ, ಅದರಡಿ ಜೇಡಿ ಮಣ್ಣು, ಬಳಿಕ ಶಿಥಿಲಗೊಂಡ ಮೆದುಕಲ್ಲು, ಕೊನೆಗೆ ಗಟ್ಟಿ ಬಂಡೆ ಇರುತ್ತವೆ. ಬಂಡೆಯಲ್ಲಿ ಮರಳಿನಲ್ಲಿರುವಂತೆ ನೀರು ಹಿಡಿಯುವ ಸಂದುಗಳಿಲ್ಲ. ನೀರು ನಿಲ್ಲುವುದು ಮೆದುಕಲ್ಲಿನ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕದ ಬಾವಿ ಎಷ್ಟು ಆಳವಾದರೂ ಪ್ರಯೋಜನವಿಲ್ಲ.

ಅಲೆಗಳ ವೇಗ

ನೆಲಕ್ಕೆ ಪೆಟ್ಟು ಕೊಟ್ಟಾಗ ಕಂಪನದ ಅಲೆಗಳು ಹರಡುತ್ತವೆ. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಕೇಂದ್ರವು ದೂರದ ಭೂಕಂಪಗಳನ್ನೂ ಭೂಗತ ಪರಮಾಣು ಸ್ಫೋಟಗಳನ್ನೂ ಗುರುತಿಸುವುದು ಇಂತಹ ಅಲೆಗಳಿಂದಲೇ. ಒಣ ಮೇಲ್ಮಣ್ಣಿನಲ್ಲಿ ಅವುಗಳ ವೇಗ ಸೆಕೆಂಡಿಗೆ ಸುಮಾರು 300ರಿಂದ 600 ಮೀಟರ್. ನೀರಿನಲ್ಲಿ ಸುಮಾರು 1,500 ಮೀಟರ್. ಬಿರುಕಿಲ್ಲದ ಗಟ್ಟಿ ಬಂಡೆಯಲ್ಲಿ 4,500ರಿಂದ 6,000 ಮೀಟರ್. ಬಂಡೆ ಬಿರುಕು ಬಿಟ್ಟಿದ್ದರೆ ವೇಗ ಇಳಿಯುತ್ತದೆ, ಅಲೆ ದುರ್ಬಲವಾಗುತ್ತದೆ. ತೈಲ ನಿಕ್ಷೇಪಗಳಲ್ಲಿ ಬಿರುಕುಗಳ ದಿಕ್ಕನ್ನು ತಿಳಿಯಲು ಅಡ್ಡ ಅಲೆಗಳನ್ನೂ ಬಳಸುತ್ತಾರೆ. ಬಿರುಕುಗಳು ಒಂದೇ ದಿಕ್ಕಿನಲ್ಲಿದ್ದಾಗ ಅಡ್ಡ ಅಲೆಯು ಎರಡಾಗಿ ಸೀಳಿ, ಒಂದು ಮುಂದೆ, ಇನ್ನೊಂದು ಹಿಂದೆ ತಲಪುತ್ತದೆ.

ಪರೀಕ್ಷೆಯ ಕ್ರಮ

ಜಿಯೋಫೋನ್ ಎಂಬ ಕಂಪನಗ್ರಾಹಕಗಳನ್ನು, 12 ಅಥವಾ 24, ನೇರ ಸಾಲಿನಲ್ಲಿ ಸಮ ಅಂತರಕ್ಕೆ ನೆಲಕ್ಕೆ ಚುಚ್ಚಬೇಕು. ಸಾಲಿನ ತುದಿಯಲ್ಲಿ ಕಬ್ಬಿಣದ ತಟ್ಟೆಯಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯಬೇಕು. ಅಲೆ ಪ್ರತಿ ಗ್ರಾಹಕಕ್ಕೆ ತಲಪಿದ ಸಮಯವನ್ನು ಯಂತ್ರ ದಾಖಲಿಸುತ್ತದೆ. ಬಳಿಕ ಇನ್ನೊಂದು ತುದಿಯಿಂದಲೂ ಹೊಡೆಯಬೇಕು.

ಉದಾಹರಣೆಗೆ, ಮೇಲ್ಪದರದ ವೇಗ 600 ಮೀಟರ್, ಬಂಡೆಯ ವೇಗ 4,800 ಮೀಟರ್ ಇದ್ದು, ಬಂಡೆಯ ಮೂಲಕ ಬಂದ ಅಲೆಯು 40 ಮೀಟರ್ ದೂರದಿಂದ ಮುಂದಕ್ಕೆ ಮೊದಲು ತಲಪತೊಡಗಿತೆನ್ನೋಣ. ವೇಗಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆದು, ದೂರದ ಅರ್ಧದಿಂದ ಗುಣಿಸಿದರೆ ಬಂಡೆಯ ಆಳ ಸುಮಾರು 17.6 ಮೀಟರ್ ಎಂದು ತಿಳಿಯುತ್ತದೆ. ಸಾಲಿನ ಒಂದು ಭಾಗದಲ್ಲಿ ಮಾತ್ರ ಅಲೆ ತಡವಾದರೆ, ಅಲ್ಲಿ ಬಂಡೆ ಆಳವಾಗಿ ಶಿಥಿಲಗೊಂಡಿದೆ ಅಥವಾ ಬಿರುಕಿನ ಪಟ್ಟಿ ಹಾದಿದೆ ಎಂದು ಊಹಿಸಬಹುದು. ಬಾವಿಗೆ ಮೊದಲು ಪರಿಶೀಲಿಸಬೇಕಾದ ಜಾಗ ಅದೇ.

ಮಿತಿಗಳು

1. ಗಟ್ಟಿ ಜಂಬಿಟ್ಟಿಗೆಯ ಕೆಳಗೆ ಮೆದು ಜೇಡಿ ಇದ್ದರೆ ಈ ವಿಧಾನಕ್ಕೆ ಆ ಪದರ ಕಾಣುವುದಿಲ್ಲ. ಆಳದ ಲೆಕ್ಕವೂ ತಪ್ಪುತ್ತದೆ. ಮಲೆನಾಡಿನಲ್ಲಿ ಇದನ್ನು ಮರೆಯಬಾರದು.
2. ಆಳದ ಬಂಡೆಯಲ್ಲಿರುವ ಕೂದಲೆಳೆಯಂತಹ ಒಂಟಿ ಬಿರುಕು ಸುತ್ತಿಗೆಯ ಪೆಟ್ಟಿಗೆ ತಿಳಿಯದು. ಬಿರುಕಿನ ಅಗಲವಾದ ಪಟ್ಟಿ ಮಾತ್ರ ತಿಳಿಯುತ್ತದೆ.
3. ಬಿರುಕಿದೆಯೆಂದ ಮಾತ್ರಕ್ಕೆ ನೀರಿದೆಯೆಂದಲ್ಲ. ಜೇಡಿ ತುಂಬಿದ ಬಿರುಕು ನೀರು ಕೊಡುವುದಿಲ್ಲ.

ಆದಕಾರಣ ವಿದ್ಯುತ್ ನಿರೋಧ ಪರೀಕ್ಷೆಯನ್ನೂ ಜೊತೆಗೆ ಮಾಡಿಸುವುದು ಒಳ್ಳೆಯದು. ಆ ಪರೀಕ್ಷೆಯಲ್ಲಿ ಹಸಿ ಜೇಡಿಯೂ ನೀರಿನಂತೆ ತೋರಬಹುದು. ಎರಡನ್ನೂ ಹೋಲಿಸಿದರೆ ಮೋಸಹೋಗುವ ಸಂಭವ ಕಡಿಮೆ.

ರೈತರು ಗಮನಿಸಬೇಕಾದುದು

ಭೂವಿಜ್ಞಾನಿಯಿಂದ ಪರೀಕ್ಷೆ ಮಾಡಿಸುವ ಮೊದಲು ನೆರೆಹೊರೆಯ ಬಾವಿಗಳ ಆಳ, ನೀರು ಸಿಕ್ಕ ಮಟ್ಟ, ಬೇಸಿಗೆಯ ಇಳುವರಿಯನ್ನು ಬರೆದಿಟ್ಟು ಅವರಿಗೆ ಕೊಡಬೇಕು. ಜಾಗದ ಜೊತೆಗೆ ಎಷ್ಟು ಆಳಕ್ಕೆ ನಿಲ್ಲಿಸಬೇಕೆಂಬುದನ್ನೂ ಬರೆಯಿಸಿಕೊಳ್ಳಬೇಕು. ನೀರು ಬಾರದ ಬಾವಿಯ ಬಾಯನ್ನು ಅಂದೇ ಭದ್ರವಾಗಿ ಮುಚ್ಚಬೇಕು. ಬಿರುಕಿನಲ್ಲಿ ಇರುವ ನೀರು ಮಳೆಯದೇ. ಆದುದರಿಂದ ತೋಟದ ಮೇಲಿನ ಗುಡ್ಡದ ನೀರನ್ನು ಇಂಗುಗುಂಡಿಗಳಲ್ಲಿ ತಡೆದು ಇಂಗಿಸದಿದ್ದರೆ, ಸರಿಯಾದ ಜಾಗದಲ್ಲಿ ಕೊರೆದ ಬಾವಿಯೂ ಕೆಲವು ಬೇಸಿಗೆಗಳಲ್ಲಿ ಬತ್ತಬಹುದು.