ಕಣ್ಣಿಗೆ ತಕ್ಕ ದುರ್ಬೀನು

ಗುಂಡ್ಲುಪೇಟೆಯ ಸಮೀಪದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು, ಕೆಳಗಣ ಕಾಡಿನ ಆನೆಯನ್ನು ದುರ್ಬೀನಿನಲ್ಲಿ ನೋಡುತ್ತಿದ್ದೇವೆನ್ನೋಣ. ಒಬ್ಬನಿಗೆ ನಿಚ್ಚಳವಾಗಿ ಕಂಡ ಆನೆ ಮತ್ತೊಬ್ಬನಿಗೆ ಕಪ್ಪು ನೆರಳಿನಲ್ಲಿ ಮರೆಯಾಗುವುದುಂಟು. ಕಾರಣವೇನು?

ಕಣ್ಣುಪಾಪೆಗಳ ನಡುವಣ ಅಂತರವು ಎಲ್ಲರಿಗೂ ಒಂದೇ ಅಲ್ಲ. ವಯಸ್ಕರಲ್ಲಿ ಅದರ ಸರಾಸರಿ ಸುಮಾರು 63 ಮಿಲಿಮೀಟರು. 55ಕ್ಕೆ ಇಳಿದವರೂ 70ನ್ನು ಮೀರಿದವರೂ ಉಂಟು. 40 ಮಿಲಿಮೀಟರು ಅಗಲದ ಮಸೂರವುಳ್ಳ, 8 ಪಟ್ಟು ಹಿಗ್ಗಿಸುವ ದುರ್ಬೀನಿನ ಪ್ರತಿ ಕೊಳವೆಯಿಂದ ಹೊರಬೀಳುವ ಬೆಳಕಿನ ಅಗಲ 40÷8, ಎಂದರೆ 5 ಮಿಲಿಮೀಟರು ಮಾತ್ರ. ಅದು ಪಾಪೆಯನ್ನು ತಪ್ಪಿದರೆ ನೋಟ ಕತ್ತಲಾಗುವುದು.

ಆದುದರಿಂದ ಕೊಳ್ಳುವ ಮೊದಲು, ದೂರಕ್ಕೆ ದೃಷ್ಟಿಯಿಟ್ಟು, ಗೆಳೆಯನಿಂದ ಅಳತೆಪಟ್ಟಿಯಲ್ಲಿ ಈ ಅಂತರವನ್ನು ಅಳೆಸಿಕೊಳ್ಳಬೇಕು. ಅನೇಕ ದುರ್ಬೀನುಗಳು 56ಕ್ಕಿಂತ ಕಿರಿದಾಗಿ ಮಡಿಯಲಾರವು. ನಡುವಣ ಕೀಲನ್ನು ಎಷ್ಟು ಬಾಗಿಸಿದರೂ ಎರಡು ವೃತ್ತಗಳು ಕೂಡಿ ಒಂದಾಗದಿದ್ದರೆ, ಬೆಲೆ ಎಷ್ಟೇ ಇರಲಿ, ಆ ದುರ್ಬೀನು ನಮಗೆ ತಕ್ಕುದಲ್ಲ.