ಮೂರು ರಂಧ್ರ, ಒಂದು ಸಮತಲ: ಭೂಗರ್ಭದ ಮಾದರಿ ಕಟ್ಟಿದ ಪಾಠ

ತರಗತಿ: 9
ಅವಧಿ: ತಲಾ 40 ನಿಮಿಷದ 2 ಪಾಠ
ಪೂರ್ವಜ್ಞಾನ: ನಿರ್ದೇಶಾಂಕಗಳು, ಶಿಲೆಯ ಪದರಗಳು

ಉದ್ದೇಶ: ಕೆಲವೇ ಕೊಳವೆ ರಂಧ್ರಗಳ ಅಳತೆಯಿಂದ ನೆಲದೊಳಗಿನ ಮೂರು ಆಯಾಮದ ಮಾದರಿ ಹೇಗೆ ಮೂಡುತ್ತದೆ, ಅದರಲ್ಲಿ ಅಳತೆ ಎಷ್ಟು, ಊಹೆ ಎಷ್ಟು ಎಂದು ವಿದ್ಯಾರ್ಥಿಗಳು ಗುರುತಿಸುವರು.

ಮೊದಲ ಪಾಠ
ಸಿದ್ಧ ಮಾದರಿಯ ಬಣ್ಣದ ಚಿತ್ರವನ್ನು ಪರದೆಯ ಮೇಲೆ ತೋರಿಸಿ ವಿವರಿಸಿದೆ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಒಬ್ಬ ಹುಡುಗಿ ಮಾತ್ರ, "ಮಿಸ್, ಒಳಗೆ ಹೋಗಿ ನೋಡಿದವರು ಯಾರು?" ಎಂದಳು. "ಕಂಪ್ಯೂಟರ್ ತೋರಿಸುತ್ತದೆ" ಎಂದುಬಿಟ್ಟೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಆ ವಾಕ್ಯದ ಕೆಳಗೆ ಗೆರೆ ಎಳೆದಿದ್ದರು.

ಎರಡನೆಯ ಪಾಠ
20 ಸೆಂ.ಮೀ. ಚೌಕದ ರಟ್ಟಿನ ಪೆಟ್ಟಿಗೆಯಲ್ಲಿ ಕೆಂಪು ಜೇಡಿಮಣ್ಣು, ನಡುವೆ ಸುಣ್ಣ ಬೆರೆಸಿದ ಬಿಳಿ ಪದರ, ಮೇಲ್ಮೈ ಸಮತಟ್ಟು. ಪಾರದರ್ಶಕ ಸ್ಟ್ರಾ ನಮ್ಮ ಕೊರೆಯುವ ಯಂತ್ರ. ಪೆಟ್ಟಿಗೆಯ ಒಂದು ಮೂಲೆಯಿಂದ ಸೆಂ.ಮೀ.ಗಳಲ್ಲಿ ಅಳೆದು (2,2), (18,2), (2,18) ಸ್ಥಾನಗಳಲ್ಲಿ ಗುಂಪುಗಳು ಕೊರೆದವು. ಬಿಳಿ ಪದರ ಸಿಕ್ಕ ಆಳ ಕ್ರಮವಾಗಿ 2, 4, 2 ಸೆಂ.ಮೀ. ಆಳವನ್ನು ಋಣ ಸಂಖ್ಯೆಯಾಗಿಸಿ ಜಿಯೋಜೀಬ್ರಾದ 3ಡಿ ಪುಟದಲ್ಲಿ ಮೂರು ಬಿಂದುಗಳನ್ನು ಗುರುತಿಸಿ, ಅವುಗಳ ಮೂಲಕ ಹಾಯುವ ಸಮತಲ ಎಳೆದೆವು. ಓರೆಯಾದ ಪದರ ಕಂಡಿತು. ಎಲ್ಲರಿಗೂ ಖುಷಿ.

"ನಡುವೆ, (10,10)ರಲ್ಲಿ ಎಷ್ಟು ಆಳ?" ಸಮತಲದ ಉತ್ತರ 3 ಸೆಂ.ಮೀ. ಕೊರೆದಾಗ ಸಿಕ್ಕಿದ್ದು 4! ಅಳತೆ ತಪ್ಪಿತೆಂದು ಗುಂಪುಗಳಲ್ಲಿ ಜಗಳವೇ ಆಯಿತು; ಮತ್ತೆ ಅಳೆದರೂ 4. ಕೊನೆಗೆ ಪೆಟ್ಟಿಗೆಯನ್ನು ಅಡ್ಡ ಕತ್ತರಿಸಿದೆ. ಪದರ ಇಳಿಜಾರಾಗಿರಲಿಲ್ಲ, ನಡುವೆ ತುಂಡಾಗಿ ಒಂದು ಬದಿ ಕುಸಿದಿತ್ತು. ಅದೇ ಸ್ತರಭಂಗ. ಮೊದಲ ಮೂರು ಅಳತೆಗಳಿಗೆ ಎರಡೂ ಮಾದರಿ ಹೊಂದುತ್ತಿದ್ದವು.

ಗಣಿಗಳಲ್ಲೂ ಇದೇ ಸಮಸ್ಯೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಎಂಜಿನಿಯರ್ ಕ್ರಿಗ್ 1951ರಲ್ಲಿ ಮಂಡಿಸಿದ ವಿಚಾರವನ್ನು ಫ್ರಾನ್ಸಿನ ಮಾಥೆರಾನ್ ಗಣಿತವಾಗಿ ಬೆಳೆಸಿದರು. ಅದಕ್ಕೆ 'ಕ್ರಿಗಿಂಗ್' ಎಂದು ಹೆಸರು. ರಂಧ್ರಗಳ ನಡುವಿನ ಜಾಗಕ್ಕೆ ಅದು ಅಂದಾಜು ಕೊಡುವುದಲ್ಲದೆ, ಆ ಅಂದಾಜು ಎಷ್ಟು ಅನಿಶ್ಚಿತ ಎಂಬುದನ್ನೂ ಲೆಕ್ಕ ಹಾಕುತ್ತದೆ. ನಾನು ಮೊದಲ ದಿನ ತೋರಿಸಿದ ಬಣ್ಣದ ಚಿತ್ರದಲ್ಲಿ ಈ ಎರಡನೆಯ ಸಂಖ್ಯೆಯೇ ಇರಲಿಲ್ಲ.

ಪಾಠ ಮುಗಿಯುವಾಗ ಅದೇ ಹುಡುಗಿ ಕೇಳಿದಳು: "ಪಕ್ಕದ ಹೊಲದ ಬೋರ್‌ನಲ್ಲಿ ನೀರು ಬಂತು. ನಮ್ಮಪ್ಪ ಸಾಲ ಮಾಡಿ ಎರಡು ಹಾಕಿಸಿದರು, ಬರಲಿಲ್ಲ. ನಡುವೆ ಹೀಗೇ ತುಂಡಾಗಿತ್ತಾ ಮಿಸ್?" ಈ ಸಲ ಆತುರಪಡಲಿಲ್ಲ. ನಮ್ಮ ಕಡೆಯ ಗಟ್ಟಿ ಶಿಲೆಯಲ್ಲಿ ನೀರು ಸವೆದ ಪದರದಲ್ಲೂ ಬಿರುಕುಗಳಲ್ಲೂ ಇರುತ್ತದೆ, ಒಂದು ಬಿರುಕು ಪಕ್ಕದ ಹೊಲದವರೆಗೂ ಬರಲೇಬೇಕೆಂದಿಲ್ಲ, ಮೂರು ರಂಧ್ರಗಳಿಂದ ಇಷ್ಟೇ ಹೇಳಬಹುದು ಎಂದೆ. ಅವಳು ತಲೆಯಾಡಿಸಿ, "ಹಾಗಾದರೆ ಅಪ್ಪನ ತಪ್ಪಲ್ಲ" ಎಂದಳು.

ಮೌಲ್ಯಮಾಪನ: ಮಾದರಿಯಲ್ಲಿ ಅಳೆದದ್ದಕ್ಕೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ಚುಕ್ಕಿ ಗೆರೆ ಹಾಕಿ, ಇನ್ನೊಂದು ರಂಧ್ರ ಎಲ್ಲಿ ಕೊರೆಯುವಿರಿ, ಏಕೆ?

ಸಹಪ್ರಶಿಕ್ಷಣಾರ್ಥಿಗಳಿಗೆ: ಜೇಡಿಮಣ್ಣು ಮೆತ್ತಗಿರಲಿ, ಇಲ್ಲದಿದ್ದರೆ ಸ್ಟ್ರಾ ಮಡಚುತ್ತದೆ. ಪರದೆಯನ್ನು ಕೊನೆಗೆ ಹಚ್ಚಿ. ನಾಲ್ಕನೆಯ ರಂಧ್ರವನ್ನು ಮಾತ್ರ ಬಿಡಬೇಡಿ.