ಹಳೆಯ ಗಣಕದ ಲೆಕ್ಕ ಹೊಸ ಗಣಕಕ್ಕೆ: ತಾಳೆ ನೋಡದೆ ಒಪ್ಪಬಾರದು

ಹಳೆಯ ಖಾತೆ ಪುಸ್ತಕ ತುಂಬಿದಾಗ ಬಾಕಿಗಳನ್ನು ಹೊಸ ಪುಸ್ತಕಕ್ಕೆ ಎತ್ತಿ ಬರೆಯುವ ಕ್ರಮ ಸದಸ್ಯ ಬಾಂಧವರಿಗೆಲ್ಲ ಗೊತ್ತು. ಗಣಕಯಂತ್ರಗಳಲ್ಲಿಯೂ ಈ ಕೆಲಸವಿದೆ. ದೊಡ್ಡ ಬ್ಯಾಂಕು, ವಿಮಾ ಸಂಸ್ಥೆಗಳ ಲೆಕ್ಕಗಳು ದಶಕಗಳಿಂದ ಮೇನ್‌ಫ್ರೇಮ್ ಎಂಬ ಭಾರಿ ಗಣಕಗಳಲ್ಲಿ ಬೆಳೆದುಬಂದಿವೆ. ಅವನ್ನು ಬೇರೆ ಬಗೆಯ ಗಣಕಕ್ಕೆ ಸಾಗಿಸುವಾಗ ನಕಲು ಮಾಡಿದರೆ ಸಾಲದು. ಎರಡೂ ಬರೆದಿಡುವ ಕ್ರಮವೇ ಬೇರೆ.

ಮೊದಲನೆಯದು ಅಕ್ಷರ ಸಂಕೇತ. ಗಣಕವು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಐಬಿಎಂ ಸಂಸ್ಥೆ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360 ಯಂತ್ರಗಳೊಂದಿಗೆ ‘ಎಬ್ಸಿಡಿಕ್’ ಕ್ರಮ ಬಳಕೆಗೆ ಬಂದಿತು. ಇತರ ಗಣಕಗಳಲ್ಲಿ 1963ರ ‘ಆಸ್ಕಿ’ ಕ್ರಮ ನೆಲೆಯೂರಿತು. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ಎಬ್ಸಿಡಿಕ್‌ನಲ್ಲಿ 193, ಆಸ್ಕಿಯಲ್ಲಿ 65. ಸೊನ್ನೆಗೆ ಅಲ್ಲಿ 240, ಇಲ್ಲಿ 48. ಹೆಸರು, ಊರು ಮುಂತಾದವುಗಳನ್ನು ಒಂದು ಪಟ್ಟಿಯ ನೆರವಿನಿಂದ ಬದಲಾಯಿಸಬಹುದು. ಇದು ಸುಲಭದ ಭಾಗ.

ತೊಡಕಿರುವುದು ಹಣದ ಅಂಕಿಗಳಲ್ಲಿ. ಜಾಗ ಉಳಿಸಲು ಮೇನ್‌ಫ್ರೇಮಿನಲ್ಲಿ ಒಂದು ಬೈಟಿಗೆ ಎರಡು ಅಂಕಿಗಳನ್ನು ಅಡಕಿ ಇಡುವ ರೂಢಿಯುಂಟು. ಕೊನೆಯ ಅರ್ಧ ಬೈಟಿನಲ್ಲಿ ಮೊತ್ತದ ಚಿಹ್ನೆ: ‘ಸಿ’ ಎಂದರೆ ಧನ, ‘ಡಿ’ ಎಂದರೆ ಋಣ. ಹೀಗೆ 12345 ಎಂಬುದು 12, 34, 5ಸಿ ಎಂದು ಮೂರೇ ಬೈಟುಗಳಲ್ಲಿ ಅಡಗುತ್ತದೆ. ಇದನ್ನೂ ಅಕ್ಷರದ ಪಟ್ಟಿಗೆ ಹಾಕಿದರೆ ಅನರ್ಥವಾಗುತ್ತದೆ. ಎಬ್ಸಿಡಿಕ್‌ನಲ್ಲಿ 5ಸಿ ಎಂಬುದು ನಕ್ಷತ್ರ ಚಿಹ್ನೆಯ ಸಂಕೇತವೂ ಹೌದು. ಆಸ್ಕಿಯಲ್ಲಿ ಆ ಚಿಹ್ನೆಗೆ 2ಎ. ಹಾಗಾಗಿ ಕೊನೆಯ 5 ಎಂಬ ಅಂಕಿ 2 ಆಗಿಬಿಡುತ್ತದೆ.

ಇನ್ನೊಂದು ವಿಷಯ ಗಮನಿಸಬೇಕು. ದಶಮಾಂಶ ಬಿಂದುವನ್ನು ಅಂಕಿಯೊಡನೆ ಬರೆದಿಡುವುದಿಲ್ಲ. 12345 ಎಂದರೆ ಹನ್ನೆರಡು ಸಾವಿರದ ಮುನ್ನೂರ ನಲವತ್ತೈದು ರೂಪಾಯಿಯೋ, 123 ರೂಪಾಯಿ 45 ಪೈಸೆಯೋ ಎಂಬುದನ್ನು ಕಡತದ ವಿನ್ಯಾಸ ಪಟ್ಟಿ ಮಾತ್ರ ಹೇಳಬಲ್ಲದು. ಕೋಬಾಲ್ ಭಾಷೆಯ ಕೆಲಸಗಾರರು ಇದನ್ನು ಕಾಪಿಬುಕ್ ಎನ್ನುತ್ತಾರೆ. ಅದು ಕಳೆದುಹೋದ ಕಡತ, ಚೀಟಿ ಕಿತ್ತುಹೋದ ಮೂಟೆಯಂತೆ. ಒಳಗೆ ಚೆರಿಯೋ ಪಾರ್ಚ್‌ಮೆಂಟೋ, ಯಾರ ತೋಟದ್ದೋ, ಹೇಳುವವರಿಲ್ಲ.

ಆದ್ದರಿಂದ ಅನುಸರಿಸಬೇಕಾದ ಕ್ರಮ ಹೀಗಿದೆ:

1. ಮೊದಲು ವಿನ್ಯಾಸ ಪಟ್ಟಿಯನ್ನು ಪಡೆದು, ಅದು ಈಗಿನ ಕಡತಕ್ಕೆ ಹೊಂದುತ್ತದೆಯೇ ಎಂದು ನೋಡುವುದು.

2. ಅಡಕಿದ ಅಂಕಿಗಳಿರುವ ಕಡತವನ್ನು ಒಂದು ಬೈಟೂ ಬದಲಾಗದಂತೆ ಸಾಗಿಸಿ, ಆ ಬಳಿಕ ಒಂದೊಂದು ಅಂಕಣವನ್ನೂ ಅದರದರ ಬಗೆಗೆ ತಕ್ಕಂತೆ ಪರಿವರ್ತಿಸುವುದು.

3. ಸಾಗಿಸುವ ಮೊದಲೂ ನಂತರವೂ ಮೂರು ಮೊತ್ತಗಳನ್ನು ತಾಳೆ ನೋಡುವುದು: ಖಾತೆಗಳ ಸಂಖ್ಯೆ, ಬರಬೇಕಾದ ಮತ್ತು ಕೊಡಬೇಕಾದ ಹಣದ ಪ್ರತ್ಯೇಕ ಮೊತ್ತ, ಎಲ್ಲ ಖಾತೆ ನಂಬರುಗಳನ್ನು ಕೂಡಿದ ಮೊತ್ತ. ಕೊನೆಯದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ; ಆದರೆ ಒಂದು ಖಾತೆ ಬಿಟ್ಟುಹೋಗಿ ಇನ್ನೊಂದು ಎರಡು ಸಲ ಬಂದಿದ್ದರೆ ಅದು ತೋರಿಸಿಕೊಡುತ್ತದೆ.

4. ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಮೂಲ ಕಡತವನ್ನು ಅಳಿಸದಿರುವುದು.

2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ಇಂಥ ಸಂಘಗಳ ಹಳೆಯ ಲೆಕ್ಕ ಇರುವುದು ಸಾಮಾನ್ಯವಾಗಿ ಪುಸ್ತಕದಲ್ಲಿ ಅಥವಾ ಸಣ್ಣ ಗಣಕದಲ್ಲಿ. ಎಬ್ಸಿಡಿಕ್‌ನ ಗೊಡವೆ ಇಲ್ಲ. ಆದರೆ ತಾಳೆ ನೋಡುವ ನಿಯಮ ಅಲ್ಲಿಗೂ ಒಂದೇ. ಸಾಲ ತೀರಿಸಿದವನ ಹೆಸರು ಒಂದು ತಪ್ಪು ಅಂಕಿಯಿಂದ ಬಾಕಿದಾರರ ಪಟ್ಟಿ ಸೇರಿದರೆ, ಗೊಬ್ಬರ ಹಾಕುವ ಕಾಲಕ್ಕೆ ಅವನಿಗೆ ಸಾಲ ಸಿಗದೆ ಹೋದೀತು. ಆದಕಾರಣ ಹೊಸ ಯಂತ್ರದಿಂದ ಬಂದ ಮೊದಲ ಬಾಕಿ ಪತ್ರವನ್ನು ಹಳೆಯ ಪಾಸ್‌ಬುಕ್ಕಿನೊಡನೆ ಪ್ರತಿಯೊಬ್ಬ ಸದಸ್ಯರೂ ಹೋಲಿಸಿ ನೋಡತಕ್ಕದ್ದು. ವ್ಯತ್ಯಾಸ ಕಂಡರೆ ಬರವಣಿಗೆಯಲ್ಲಿ ತಿಳಿಸಿ, ರಸೀದಿ ಪಡೆಯತಕ್ಕದ್ದು.